ಪಟ್ಟಿಯ ಮೊದಲ ಸಹಿ

ಈ ದೇಶವನ್ನು ಹೇಗೆ ನಡೆಸಬೇಕು ಎಂಬುದು ಒಂದು ಕಾಲದಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು. ಘಣಸೋಲಿ ಸ್ಟೇಷನ್ನಿನ ಹತ್ತಿರದ ಹೋಟೆಲಿನಲ್ಲಿ ಬಿಲ್ಲಿನ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂತು, ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಅದನ್ನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದೆ. ವಿದೇಶದ ಬ್ಯಾಂಕುಗಳಲ್ಲಿರುವ ಕಪ್ಪುಹಣವನ್ನು ಯಾವ ದಾರಿಯಿಂದ ತರಬೇಕು, ಗಡಿಯಾಚೆಯವರಿಗೆ ಹೇಗೆ ಬುದ್ಧಿ ಕಲಿಸಬೇಕು, ಈರುಳ್ಳಿ ಬೆಲೆ ಏರುವುದರ ಹಿಂದೆ ಯಾರ ಕೈ ಇದೆ, ಎಲ್ಲಕ್ಕೂ ನನ್ನಲ್ಲಿ ಉತ್ತರವಿತ್ತು. ಚಿಲ್ಲರೆ ಮಾತ್ರ ಇರುತ್ತಿರಲಿಲ್ಲ.

ನಾನು ಓದಿದ್ದು ಏಳನೆಯ ತರಗತಿ, ಅದೂ ಪೂರ್ತಿಯಲ್ಲ. ಉಡುಪಿಯ ಕಡೆಯಿಂದ ಬಂದು ಮೊದಲು ಟೇಬಲ್ ಒರೆಸಿ, ಆಮೇಲೆ ಪಾರ್ಸೆಲ್ ಕಟ್ಟಿ, ಇಪ್ಪತ್ತು ವರ್ಷ ಕಳೆದ ಮೇಲೆ ಗಲ್ಲೆಗೆ ಏರಿದವನು. ಏರಿದ ದಿನ ಹೋಟೆಲಿನ ಧಣಿಗಳು ಒಂದೇ ಪಾಠ ಹೇಳಿಕೊಟ್ಟಿದ್ದರು.

"ನೋಡು ಮಾರಾಯ, ಗಿರಾಕಿ ರಾಜಕೀಯ ಮಾತಾಡಿದ್ರೆ ಹೌದು ಹೇಳು. ಇನ್ನೊಬ್ಬ ಬಂದು ಅದರ ಉಲ್ಟಾ ಹೇಳಿದ್ರೆ ಅವನಿಗೂ ಹೌದು ಹೇಳು. ಇಬ್ರೂ ಒಟ್ಟಿಗೆ ಬಂದ್ರೆ, ಸಾಂಬಾರ್ ಬಿಸಿ ಉಂಟಾ ಅಂತ ಒಳಗೆ ಕೇಳು."

ಧಣಿಗಳ ಪಾಠವನ್ನು ನಾನು ಸ್ವಲ್ಪ ಮುಂದುವರಿಸಿದೆ. ಏಳು ಗಂಟೆಗೆ ನಮ್ಮೂರ ಕಡೆಯ ನಿವೃತ್ತ ಗುಮಾಸ್ತರೊಬ್ಬರು ಬರುತ್ತಿದ್ದರು. ಮೂರು ಪೇಪರ್ ಓದಿಕೊಂಡು ಬಂದು, ಒಂದು ಪ್ಲೇಟ್ ಇಡ್ಲಿಗೆ ಮೂರು ಸಲ ಚಟ್ನಿ ಹಾಕಿಸಿಕೊಂಡು, ಸರ್ಕಾರವನ್ನು ಬೀಳಿಸಿ ಹೋಗುತ್ತಿದ್ದರು. ಅವರ ಅಭಿಪ್ರಾಯ ಇನ್ನೂ ಬಿಸಿಯಿರುವಾಗಲೇ ನಾನು ಅದನ್ನು ಎಂಟು ಗಂಟೆಗೆ ಬರುವ ಸೆಕ್ರೆಟರಿ ಸಾಹೇಬರಿಗೆ ಬಡಿಸುತ್ತಿದ್ದೆ. ಈ ಸಾಹೇಬರು ಮರಾಠಿಗರು, ಹೊಸ ಸೆಕ್ಟರಿನ ಒಂದು ದೊಡ್ಡ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ. "ವಾಹ್ ಶೇಟ್, ನಿಮ್ಮಂಥವರು ದಿಲ್ಲಿಯಲ್ಲಿರಬೇಕಿತ್ತು" ಎಂದು ಅವರು ಹಿಂದಿಯಲ್ಲಿ ಹೇಳಿದರೆ ನಾನು ಒಂದು ದಿನ ಪೂರ್ತಿ ಅದರ ಮೇಲೆಯೇ ಬದುಕುತ್ತಿದ್ದೆ. ಹೋಟೆಲು ನನ್ನದಲ್ಲ, ನಾನು ಶೇಟೂ ಅಲ್ಲ ಎಂದು ಅವರನ್ನು ಒಮ್ಮೆಯೂ ತಿದ್ದಲಿಲ್ಲ.

ಕಡಿಮೆ ಓದಿದವನಿಗೆ ತನ್ನ ಸಹಿ ಬಹಳ ದೊಡ್ಡದು. ಟೇಬಲ್ ಒರೆಸುವ ದಿನಗಳಲ್ಲೇ ಹಳೆಯ ಬಿಲ್ ಪುಸ್ತಕಗಳ ಬೆನ್ನಿಗೆ ಬರೆದು ಬರೆದು ನಾನೊಂದು ಸಹಿ ತಯಾರಿಸಿಕೊಂಡಿದ್ದೆ. ಕನ್ನಡದ್ದು. ಮೊದಲ ಅಕ್ಷರದ ಬಾಲ ಹೊರಟು ಕೊನೆಯ ಅಕ್ಷರದ ಅಡಿಗೆ ಬಂದು, ಅಲ್ಲಿ ಎರಡು ಸುತ್ತು ಸುತ್ತಿ, ಎರಡು ಚುಕ್ಕೆಗಳಲ್ಲಿ ಮುಗಿಯುತ್ತಿತ್ತು. ನನ್ನ ತಂಗಿಯ ಮಗಳು ಅದಕ್ಕೆ ಜಲೇಬಿ ಎಂದು ಹೆಸರಿಟ್ಟಿದ್ದಳು. ಇಲ್ಲೇ ಹುಟ್ಟಿದ ಹುಡುಗಿ, ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. ಶಾಲೆಯ ಡೈರಿಗೆ ಮನೆಯವರ ಸಹಿ ಬೇಕಾದರೆ ಅಪ್ಪ ಅಮ್ಮನನ್ನು ಬಿಟ್ಟು ನನ್ನ ಹತ್ತಿರ ತರುತ್ತಿದ್ದಳು: "ಮಾಮಾ, ಜಲೇಬಿ ಡಾಲೋ ನಾ."

ಹೋಟೆಲಿನ ಗಲ್ಲೆ ಸಹಿ ಸಂಗ್ರಹಿಸುವವರಿಗೆ ಬಲು ಇಷ್ಟದ ಜಾಗ. ಪೆನ್ನು ಅಲ್ಲೇ ಇರುತ್ತದೆ, ಜನ ಅಲ್ಲೇ ನಿಲ್ಲುತ್ತಾರೆ. ಒಂದು ವಾರ ನದಿ ಉಳಿಸಿ, ಮರುವಾರ ಮಂತ್ರಿಯನ್ನು ಇಳಿಸಿ. ಕಾಗದ ಯಾವುದೇ ಇರಲಿ, ಮೇಲೆ ಒಂದು ಜಲೇಬಿ ಬೀಳುತ್ತಿತ್ತು. ನಾನು ಉಳಿಸಿದ ನದಿ ಯಾವ ರಾಜ್ಯದಲ್ಲಿದೆ ಎಂದು ಇವತ್ತಿಗೂ ಗೊತ್ತಿಲ್ಲ.

ತಂಗಿಯ ಮನೆ ಹೋಟೆಲಿನಿಂದ ಹತ್ತು ನಿಮಿಷದ ದಾರಿ. ಘಣಸೋಲಿಯಲ್ಲಿ ಎರಡು ಊರುಗಳಿವೆ. ಒಂದು ಅಗಲ ರಸ್ತೆಗಳ ಹೊಸ ಸೆಕ್ಟರು, ಇನ್ನೊಂದು ಹಳೆಯ ಗಾಂವ್. ಗಾಂವಿನಲ್ಲಿ ಒಬ್ಬರ ಕಿಟಕಿಯಿಂದ ಇನ್ನೊಬ್ಬರ ಒಲೆಯ ಮೇಲೆ ಕುದಿಯುತ್ತಿರುವ ಪಾತ್ರೆಯನ್ನು ಇಳಿಸಬಹುದು, ಕಟ್ಟಡಗಳು ಅಷ್ಟು ಹತ್ತಿರ. ಭಾವ ತುರ್ಭೆಯ ಕಂಪನಿಯಲ್ಲಿ ಫಿಟ್ಟರ್. ಹದಿನೈದು ವರ್ಷ ಬಾಡಿಗೆ ಮನೆಗಳಲ್ಲಿ ಅಲೆದ ಮೇಲೆ ಅಲ್ಲೊಂದು ಕಟ್ಟಡದ ನಾಲ್ಕನೆಯ ಮಾಳಿಗೆಯಲ್ಲಿ ಒಂದು ರೂಮು, ಒಂದು ಅಡುಗೆಮನೆ ಕೊಂಡರು. ಮೂರು ಮಾಳಿಗೆಯ ಆ ಕಟ್ಟಡಕ್ಕೆ ನಾಲ್ಕನೆಯದು ಗಣಪತಿ ಹಬ್ಬಕ್ಕೂ ದೀಪಾವಳಿಗೂ ನಡುವೆ ಎದ್ದು ನಿಂತದ್ದು. ಪರವಾನಗಿ ಇಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. "ಲೈಟ್ ಬಿಲ್ಲು ನಮ್ಮ ಹೆಸರಲ್ಲಿ ಬರ್ತದಲ್ಲ ಅಣ್ಣ, ಇನ್ನೆಂತ ಕಾಗದ ಬೇಕು?" ಎಂದು ತಂಗಿ ನಗುತ್ತಾ ಕೇಳಿದ್ದಳು. ಗೃಹಪ್ರವೇಶದ ದಿನ ನಾನು ಎರಡು ಸಲ ಪಾಯಸ ಹಾಕಿಸಿಕೊಂಡಿದ್ದೆ. ಅವಳು ಆ ಮನೆಯಲ್ಲಿ ಕೂತು ಸೀರೆಗಳಿಗೆ ಫಾಲ್ ಹಚ್ಚುತ್ತಿದ್ದಳು. ಸೆಕ್ಟರಿನ ಹೆಂಗಸರು ಸೀರೆ ತಂದುಕೊಡುತ್ತಿದ್ದರು. ಒಂದು ಕಪಾಟು ತುಂಬ ಬೇರೆಯವರ ಸೀರೆಗಳಿರುತ್ತಿದ್ದವು.

ಆಮೇಲೆ ದೇಶವೆಲ್ಲ ಬಿಳಿ ಟೋಪಿ ಹಾಕಿಕೊಂಡ ಆ ವರ್ಷ ಬಂತು. ಟಿವಿಯಲ್ಲಿ ಹಗಲು ರಾತ್ರಿ ಭ್ರಷ್ಟಾಚಾರ. ಸೆಕ್ಟರಿನಲ್ಲಿ ಸಂಜೆ ಮೇಣದಬತ್ತಿ ಮೆರವಣಿಗೆ. ಮೇಣದಬತ್ತಿ ಹಿಡಿದು ಹೋದವರು ವಾಪಸು ಬರುವಾಗ ನಮ್ಮಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದರು, ಹಾಗಾಗಿ ಧಣಿಗಳಿಗೂ ಕ್ರಾಂತಿಯ ಮೇಲೆ ಗೌರವ ಬಂದಿತ್ತು. ನಾನಂತೂ ಗಲ್ಲೆಯಲ್ಲೇ ಟೋಪಿ ಹಾಕಿಕೊಂಡು ಕೂರುತ್ತಿದ್ದೆ.

"ಟೋಪಿ ನಿಮಗೆ ಒಪ್ತದೆ ಮಾರಾಯ್ರೆ," ಗುಮಾಸ್ತರು ಹೇಳಿದರು. "ತಲೆ ಕಾಣುದಿಲ್ಲ."

ಒಂದು ಬೆಳಿಗ್ಗೆ ಸೆಕ್ರೆಟರಿ ಸಾಹೇಬರು ಎರಡು ಹಾಳೆ ತಂದು ಗಲ್ಲೆಯ ಮೇಲಿಟ್ಟರು. ಮರಾಠಿಯಲ್ಲಿ ಟೈಪು ಮಾಡಿದ್ದು. ನಾಗರಿ ಅಕ್ಷರವನ್ನು ನಾನು ಕೂಡಿಸಿ ಕೂಡಿಸಿ ಓದಬಲ್ಲೆ. ಮೇಲಿನ ದಪ್ಪ ಅಕ್ಷರಗಳಲ್ಲಿ 'ಭ್ರಷ್ಟಾಚಾರ' ಎಂಬಷ್ಟನ್ನು ಕೂಡಿಸಿದೆ, ಅಷ್ಟು ಸಾಕೆನಿಸಿತು. ಕೆಳಗೆ ಸಾಲುಸಾಲು ಖಾಲಿ ಗೆರೆಗಳು.

"ಶೇಟ್, ಪೆಹಲಾ ಸೈನ್ ಆಪ್ಕಾ," ಎಂದರು ಸಾಹೇಬರು. "ದೇಶ್ ಕೇ ಲಿಯೇ."

ದೇಶಕ್ಕಾಗಿ ಎಂದ ಮೇಲೆ ಓದುತ್ತಾ ಕೂರುವುದುಂಟೇ? ಒಂದನೆಯ ಗೆರೆಯ ಮೇಲೆ ಜಲೇಬಿ ಸುತ್ತಿದೆ. ಎರಡು ಚುಕ್ಕೆಗಳನ್ನು ಅವತ್ತು ಸ್ವಲ್ಪ ಒತ್ತಿಯೇ ಇಟ್ಟೆ. ನನ್ನ ಕೆಳಗೆ ಐವತ್ತು ಅರವತ್ತು ಜನ ಸಹಿ ಹಾಕಿದರು, ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಕನ್ನಡದ್ದು ಅದೊಂದೇ. ಗುಮಾಸ್ತರು ಹಾಕಲಿಲ್ಲ. "ನಾನು ಸರ್ಕಾರಿ ಪಿಂಚಣಿ ತಿನ್ನುವವ, ನನಗೆ ಭ್ರಷ್ಟಾಚಾರದ ಮೇಲೆ ಅಷ್ಟು ಸಿಟ್ಟಿಲ್ಲ" ಎಂದು ಚಟ್ನಿ ಕೇಳಿದರು.

ಕೆಲವು ತಿಂಗಳ ನಂತರ ತಂಗಿಯ ಕಟ್ಟಡದ ಗೋಡೆಗೆ ಪಾಲಿಕೆಯ ನೋಟಿಸು ಅಂಟಿತು. ಅನಧಿಕೃತ ನಾಲ್ಕನೆಯ ಮಾಳಿಗೆ, ತೆರವು ಮಾಡತಕ್ಕದ್ದು. ಅವಳು ಹೋಟೆಲಿಗೇ ಓಡಿ ಬಂದಳು. ನಾನು ಎಂಥ ಅಣ್ಣ ನೋಡಿ, ತಕ್ಷಣ ದೇಶದ ವ್ಯವಸ್ಥೆಯನ್ನು ಬೈಯಲು ಶುರು ಮಾಡಿದೆ. "ದೊಡ್ಡ ದೊಡ್ಡ ಬಿಲ್ಡರುಗಳನ್ನು ಬಿಟ್ಟು ಬಡವರ ಮೇಲೆ ಬರ್ತಾರೆ, ಇದೇ ನಮ್ಮ ದೇಶ" ಎಂದೆ. ಆ ಅಭಿಪ್ರಾಯ ಗುಮಾಸ್ತರದ್ದು, ಹಿಂದಿನ ವಾರದ್ದು.

ಕಟ್ಟಡದವರು ವಾರ್ಡ್ ಆಫೀಸಿಗೆ ಹೋಗಿ ಅಲೆದಾಡಿ ದೂರಿನ ಝೆರಾಕ್ಸ್ ತಂದರು. ಭಾನುವಾರ ಬೆಳಿಗ್ಗೆ ಮೆಟ್ಟಿಲುಗಳ ಮೇಲೆಯೇ ಸಭೆ. ತಂಗಿ ಫೋನ್ ಮಾಡಿ ನನ್ನನ್ನೂ ಕರೆದಿದ್ದಳು, ಅಣ್ಣನಿಗೆ ಇಂಥದ್ದೆಲ್ಲ ಗೊತ್ತಾಗುತ್ತದೆ ಎಂದು. ದೂರಿನ ಎರಡನೆಯ ಹಾಳೆಯಲ್ಲಿ ಗಾಂವಿನ ಆರು ಕಟ್ಟಡಗಳ ಪಟ್ಟಿ. ನೀರು ಸಾಲದಿರುವುದಕ್ಕೆ, ರಸ್ತೆ ಹಾಳಾಗಿರುವುದಕ್ಕೆ, ದೇಶದಲ್ಲಿ ಲಂಚ ಬೆಳೆದಿರುವುದಕ್ಕೆ ಅವೇ ಕಾರಣವಂತೆ. ಆಮೇಲೆ ಸಹಿಗಳು.

ಮೊದಲ ಮಾಳಿಗೆಯ ಒಬ್ಬ ಗೃಹಸ್ಥ ಮೊದಲ ಸಹಿಯ ಮೇಲೆ ಬೆರಳಿಟ್ಟು ಅದು ಯಾವ ಭಾಷೆಯೆಂದು ಕೇಳಿದ: "ಯೇ ಪೆಹಲಾ ವಾಲಾ ಕೌನ್ಸಾ ಭಾಷಾ ಹೈ? ಮದ್ರಾಸಿ?"

ಆ ಕಟ್ಟಡದಲ್ಲಿ ಕನ್ನಡದವರೆಂದರೆ ತಂಗಿಯ ಮನೆಯೊಂದೇ. ಎಲ್ಲರೂ ಅವಳ ಕಡೆ ತಿರುಗಿದರು. ಕಾಗದ ಅವಳ ಕೈಗೆ ಬಂತು. ಅವಳ ಮಗ್ಗುಲಲ್ಲಿದ್ದ ಮಗಳು ಇಣುಕಿ ನೋಡಿ, ಗುರುತಿನವರು ಸಿಕ್ಕ ಹಾಗೆ ಮುಖ ಅರಳಿಸಿ, "ಮಾಮಾ, ಯೇ ತೋ ಆಪ್ಕಾ ಜಲೇಬಿ ಹೈ!" ಎಂದಳು.

ತಂಗಿ ನನ್ನನ್ನು ನೋಡಿದಳು. ನಾನು ಅವಳ ಚಪ್ಪಲಿಯನ್ನು ನೋಡಿದೆ.

"ನಿನ್ನದಾ ಅಣ್ಣ?"

"ಛೆ, ಎಂತ ಮಾತಾಡ್ತಿ? ಯಾರೋ ನಕಲಿ ಮಾಡಿದ್ದಾರೆ. ಗಲ್ಲೆಯಲ್ಲಿ ಬಿಲ್ಲುಗಳ ಮೇಲೆ ದಿನಾ ಹಾಕ್ತೇನೆ, ನೋಡಿ ಕಲ್ತಿರ್ಬೇಕು," ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಈ ದೇಶದಲ್ಲಿ ಒಬ್ಬನ ಸಹಿಗೂ ರಕ್ಷಣೆ ಇಲ್ಲ," ಎಂದೂ ಸೇರಿಸಿದೆ.

ತಂಗಿ ಮಗಳ ತಲೆಗೆ ಮೆಲ್ಲಗೆ ಮೊಟಕಿ ಸುಮ್ಮನಾಗಿಸಿದಳು. ಮತ್ತೆ ಜನರ ಕಡೆ ತಿರುಗಿ, ಗಂಟಲೇರಿಸಿ ಹೇಳಿದಳು: "ಯೇ ಮೇರೇ ಭಾಯ್ ಕಾ ಸೈನ್ ನಹೀಂ ಹೈ. ಅಪನೀ ಬೆಹನ್ ಕಾ ಘರ್ ಕೋಯೀ ತುಡ್ವಾತಾ ಹೈ ಕ್ಯಾ?"

ಅದು ಅವಳ ಅಣ್ಣನ ಸಹಿಯೇ ಅಲ್ಲವಂತೆ. ಸ್ವಂತ ತಂಗಿಯ ಮನೆಯನ್ನು ಯಾರಾದರೂ ಒಡೆಸುತ್ತಾರಾ! ಜನ ಹೌದೆಂದು ತಲೆಯಾಡಿಸಿ ಕೆಳಗಿನ ಸಹಿಗಳ ಮೇಲೆ ಬೆರಳಿಟ್ಟರು.

ಇಷ್ಟು ಬರೆಯುವಾಗಲೂ ಒಂದು ಸಂಗತಿಯನ್ನು ಹಿಂದೆ ಹಾಕಿಕೊಂಡೇ ಬಂದೆ. ಓದದೆ ಸಹಿ ಹಾಕಿದೆ ಎಂದರೆ ದಡ್ಡತನ, ಕ್ಷಮಿಸಬಹುದು. ಆದರೆ ಆ ಪಟ್ಟಿಯಲ್ಲಿ ಆರನೆಯ ಕಟ್ಟಡ ಹೇಗೆ ಸೇರಿತು? ನಾನು ಸಹಿ ಹಾಕುವುದಕ್ಕೆ ಒಂದು ವಾರ ಮೊದಲು ಸೆಕ್ರೆಟರಿ ಸಾಹೇಬರು ಉಪ್ಪಿಟ್ಟು ತಿನ್ನುತ್ತಾ, ಗಾಂವಿನ ಅಕ್ರಮ ಕಟ್ಟಡಗಳನ್ನು ಬೆರಳು ಮಡಚಿ ಎಣಿಸುತ್ತಿದ್ದರು. ಐದಕ್ಕೆ ನಿಂತರು. ನನಗೆ ಅದಕ್ಕಿಂತ ಹೆಚ್ಚು ಗೊತ್ತಿದೆ ಎಂದು ತೋರಿಸಬೇಕಿತ್ತು. "ಅದು ಬಿಡಿ ಸಾಹೇಬ್, ದೇವಸ್ಥಾನದ ಹಿಂದೆ ಒಂದು ಉಂಟು. ಗಣಪತಿಗೆ ಮೂರು ಮಾಳಿಗೆ, ದೀಪಾವಳಿಗೆ ನಾಲ್ಕು. ನಾನೇ ಕಣ್ಣಾರೆ ನೋಡಿದ್ದೇನೆ," ಎಂದೆ. ಅವರು ಹುಬ್ಬೇರಿಸಿದರು. ಆ ಹುಬ್ಬಿಗಾಗಿ ನಾನು ಪಾಯಸ ಉಂಡ ಮನೆಯನ್ನು ಉದಾಹರಣೆಯಾಗಿ ಕೊಟ್ಟಿದ್ದೆ. ಅದು ತಂಗಿಯ ಮನೆ ಎಂಬುದು ಆ ಕ್ಷಣಕ್ಕೆ ನೆನಪೇ ಇರಲಿಲ್ಲ, ಅದೊಂದು ಒಳ್ಳೆಯ ಪಾಯಿಂಟು ಆಗಿತ್ತು ಅಷ್ಟೇ. ನಾನಿದ್ದ ಡೊಂಬಿವಲಿಯ ಕಟ್ಟಡಕ್ಕೂ ಪರವಾನಗಿ ಇರಲಿಲ್ಲ. ಆ ಪಾಯಿಂಟು ಮಾತ್ರ ಹೊಳೆಯಲಿಲ್ಲ.

ಒಡೆಯಲು ಬಂದವರು ಇಡೀ ಮಾಳಿಗೆಯನ್ನು ಒಡೆಯಲಿಲ್ಲ. ಸ್ಲ್ಯಾಬಿಗೆ ಮೆಷಿನ್ ಹಚ್ಚಿ ನಾಲ್ಕೈದು ದೊಡ್ಡ ತೂತು ಹಾಕಿ, ಫೋಟೋ ತೆಗೆದುಕೊಂಡು ಹೋದರು. ಅಡುಗೆಮನೆಯಿಂದ ಆಕಾಶ ಕಾಣುತ್ತಿತ್ತು. ತಂಗಿ ಮೊದಲು ಕೆಳಗಿಳಿಸಿದ್ದು ಬೇರೆಯವರ ಸೀರೆಗಳನ್ನು. ಒಂದೊಂದನ್ನೂ ಕೊಡವಿ, ಮಡಚಿ, ಸೆಕ್ಟರಿನ ಮನೆಮನೆಗೆ ಹೋಗಿ ಒಪ್ಪಿಸಿ ಬಂದಳು. ಅದರಲ್ಲೊಂದು ಸೆಕ್ರೆಟರಿ ಸಾಹೇಬರ ಹೆಂಡತಿಯದು. "ಫಾಲ್ ಅರ್ಧ ಆಗಿದೆಯಲ್ಲ" ಎಂದು ಆಕೆ ಬೇಸರ ಮಾಡಿಕೊಂಡರಂತೆ.

ತಂಗಿಯ ಮನೆಯವರು ಕಳವಾ ಎಂಬ ಊರಿಗೆ ಬಾಡಿಗೆಗೆ ಹೋದರು. ಅಲ್ಲಿ ಅವಳ ಸೂಜಿಯ ಗುರುತು ಯಾರಿಗೂ ಇರಲಿಲ್ಲ, ಗಿರಾಕಿಗಳನ್ನು ಮೊದಲಿನಿಂದ ಹುಡುಕಬೇಕಾಯಿತು. ಇತ್ತ ಗಾಂವಿನಲ್ಲಿ ಒಂದೇ ವರ್ಷದಲ್ಲಿ ಅದೇ ತೂತುಗಳಿಗೆ ಸಿಮೆಂಟು ಬಿತ್ತು, ಬೇರೆ ಯಾರೋ ಬಂದರು, ಮೇಲೆ ಐದನೆಯ ಮಾಳಿಗೆಯೂ ಎದ್ದಿತು. ಟೋಪಿಗಳು ಅಷ್ಟರಲ್ಲಿ ಅಟ್ಟ ಸೇರಿದ್ದವು. ಸೆಕ್ರೆಟರಿ ಸಾಹೇಬರು ಹೊಸ ಸರ್ಕಾರ ಬರಬೇಕು ಎನ್ನುತ್ತಿದ್ದರು. ಸರ್ಕಾರ ಬಂತು ಕೂಡ. ನಾನು ಹೌದು ಎಂದೆ.

ಸುಳ್ಳನ್ನು ಸಾಕುವುದು ಸುಲಭವಲ್ಲ. ನನ್ನ ಸಹಿಯನ್ನು ನಾನೇ ಬಿಟ್ಟುಬಿಡಬೇಕಾಯಿತು. ನಕಲಿಯಾಗುತ್ತದೆ, ಅದಕ್ಕೆ ಬದಲಾಯಿಸಿದೆ ಎಂದು ಎಲ್ಲರಿಗೂ ಹೇಳಿಕೊಂಡು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಮಗು ಅಕ್ಷರ ತಿದ್ದುವ ಹಾಗೆ, ಹೆಸರು ಬರೆಯತೊಡಗಿದೆ. ಬ್ಯಾಂಕಿನವರು ಎರಡು ಸಲ ವಾಪಸು ಕಳಿಸಿದರು. ತಂಗಿಯ ಮಗಳು ಡೈರಿ ತರುವುದನ್ನು ನಿಲ್ಲಿಸಿದಳು. ತಂಗಿ ಮಾತ್ರ ನೆಂಟರು ಕೇಳಿದಾಗಲೆಲ್ಲ, "ಪಾಪ, ನಮ್ಮಣ್ಣನ ಸಹಿಯನ್ನು ಯಾರೋ ಕದ್ದು ಹಾಕಿದ್ರು" ಎಂದು ನನ್ನ ಎದುರೇ ಹೇಳುತ್ತಿದ್ದಳು. ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ. ಅವಳು ನಂಬಿದ್ದಾಳೆ ಎಂದುಕೊಂಡು ಅಷ್ಟು ವರ್ಷ ಊಟ ಮಾಡಿದೆ.

ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕು. ಸಾಕ್ಷಿಗೆ ಪ್ರತಿ ಸಲ ಪಕ್ಕದ ಮನೆಯವರು ಬರುತ್ತಿದ್ದರು, ಕೆಲವು ವರ್ಷಗಳ ಮೇಲೆ ಒಂದು ಸಲ ಅವರು ಊರಿಗೆ ಹೋಗಿದ್ದರು. ತಂಗಿ ನನಗೆ ಫೋನ್ ಮಾಡಿದಳು. ಕಳವಾ ಸ್ಟೇಷನ್ನಿನ ಹತ್ತಿರ ಏಜೆಂಟನ ಅಂಗಡಿ. ಛಾಪಾ ಕಾಗದವನ್ನು ಆತ ನನ್ನ ಮುಂದೆ ಸರಿಸಿದ. ನಾನು ಕನ್ನಡಕ ಹಾಕಿಕೊಂಡು ಮೊದಲು ಓದಿದೆ, ಕೂಡಿಸಿ ಕೂಡಿಸಿ, ಒಂದೊಂದು ಸಾಲು. ಏಜೆಂಟ ಎರಡು ಸಲ ಗಡಿಯಾರ ನೋಡಿದ. ತಂಗಿ ಅವಸರ ಮಾಡಲಿಲ್ಲ. ಆಮೇಲೆ ಹಾಳೆಯ ಅಡಿಯಲ್ಲಿ ದೊಡ್ಡಕ್ಷರಗಳನ್ನು ಬರೆಯತೊಡಗಿದೆ. ಎರಡು ಅಕ್ಷರವಾಗುವಷ್ಟರಲ್ಲಿ ಅವಳ ಬೆರಳು ಪೆನ್ನಿನ ಮುಂದೆ ಬಂತು.

"ಇದೆಂತ ಅಣ್ಣ?"

"ಸಹಿ."

"ಅದನ್ನು ಹೊಡೆದು ಹಾಕು. ನಿನ್ನ ಸಹಿ ಹಾಕು. ನನ್ನ ಮನೆಯ ಕಾಗದ ಇದು."

ನಾನು ತಲೆಯೆತ್ತಲಿಲ್ಲ. ಬಾಯಿ ತೆರೆದರೆ ಏನು ಬರುತ್ತದೋ ಎಂಬ ಭಯ, ದೇಶದ ಬಗ್ಗೆ ಏನಾದರೂ ಬಂದರೆ ಎಂಬ ಭಯ. ಬರೆದದ್ದನ್ನು ಹೊಡೆದು ಪಕ್ಕದಲ್ಲಿ ಕನ್ನಡದ್ದನ್ನು ಹಾಕಿದೆ. ಕೈ ಮರೆತಿರಲಿಲ್ಲ. ಬಾಲ ಹೊರಟು ಅಡಿಗೆ ಬಂತು, ಎರಡು ಸುತ್ತು ಸುತ್ತಿತು, ಚುಕ್ಕೆಗಳು ಬಿದ್ದವು.

ಏಜೆಂಟ ಕಾಗದವನ್ನು ತಿರುಗಿಸಿ ನೋಡಿ ಕೇಳಿದ: "ದೀದಿ, ಯೇ ಕ್ಯಾ ಹೈ? ಕಿಸ್ಕಾ ಸೈನ್ ಹೈ?"

"ಮೇರೇ ಭಾಯ್ ಕಾ ಸೈನ್ ಹೈ," ಎಂದಳು ತಂಗಿ. ಮೆಟ್ಟಿಲ ಮೇಲೆ ಹೇಳಿದ ಅದೇ ಮಾತು, ಅದೇ ದನಿ. ಅವತ್ತಿನ 'ನಹೀಂ' ಒಂದು ಮಾತ್ರ ಇರಲಿಲ್ಲ.