ಖಾನೇಸುಮಾರಿಯಲ್ಲಿ ಇಲ್ಲದ ಕೂಸು

ನಿಮ್ಮ ತಾತ ತೀರಿಕೊಂಡ ಮರುವರ್ಷ ನಾನು ನ್ಯೂಜೆರ್ಸಿಗೆ, ವುಡ್‌ಬ್ರಿಡ್ಜಿನ ನಿಮ್ಮ ಮನೆಗೆ ಬಂದೆ. ನೀವಿಬ್ಬರೂ ಆಗ ಚಿಕ್ಕವರು. ಬೆಳಿಗ್ಗೆ ನಿಮ್ಮ ಅಮ್ಮ ಆಸ್ಪತ್ರೆಗೆ, ಅಪ್ಪ ರೈಲಿಗೆ, ನೀವು ಹಳದಿ ಬಸ್ಸಿಗೆ. ಆಮೇಲೆ ಮೂರು ಗಂಟೆಯವರೆಗೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಕೆಲವು ದಿನ ನನ್ನ ದನಿ ನನಗೇ ಕೇಳಲಿ ಎಂದು ದೇವರ ಮುಂದೆ ಕೂತು ಜೋರಾಗಿ ಏನಾದರೂ ಹೇಳಿಕೊಳ್ಳುತ್ತಿದ್ದೆ.

ಪಕ್ಕದ ಮನೆಯಲ್ಲಿ ಎಂಬತ್ತರ ಹತ್ತಿರದ ಒಬ್ಬ ಅಮೆರಿಕನ್ ಅಜ್ಜಿ ಇದ್ದರು. ಅವರೂ ಗಂಡನನ್ನು ಕಳೆದುಕೊಂಡವರು. ಬೇಲಿಯ ಆಚೆಯಿಂದ ಕೈ ಬೀಸುತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡು ಒಳಗೆ ಬಂದುಬಿಡುತ್ತಿದ್ದೆ. ಒಂದು ಭಾನುವಾರ ಅವರೇ ಬಂದು ನಿಮ್ಮ ಅಮ್ಮನ ಹತ್ತಿರ ಏನೋ ಕೇಳಿದರು.

"ಅಮ್ಮ, ಹಳೇ ಸೆನ್ಸಸ್ ಪೇಪರ್ಸ್ ಎಲ್ಲಾ ಈಗ ಓಪನ್ ಮಾಡಿದಾರಂತೆ. ಅದರಲ್ಲಿ ಅವರ ತಾಯಿ ಹೆಸರು ಹುಡುಕಬೇಕಂತೆ. ಕಣ್ಣು ಸರಿಯಾಗಿ ಕಾಣಲ್ವಂತೆ, ನೀನು ಜೊತೆಗೆ ಹೋಗ್ತೀಯಾ?"

"ನನಗೆಲ್ಲಿ ಇಂಗ್ಲಿಷ್ ಬರುತ್ತೆ ಕಣೇ?"

"ಮಾತಾಡೋದು ಬೇಡ, ಅಕ್ಷರ ಓದಿದ್ರೆ ಸಾಕು. ಅವರೇ ಡ್ರೈವ್ ಮಾಡ್ತಾರೆ."

"ಕಣ್ಣು ಕಾಣದವರು ಡ್ರೈವ್ ಮಾಡ್ತಾರಾ?"

ನಿಮ್ಮ ಅಪ್ಪ ಪೇಪರಿನ ಹಿಂದಿನಿಂದ, "ದೂರದ್ದು ಕಾಣತ್ತೆ ಅತ್ತೆ, ಹತ್ತಿರದ್ದು ಕಾಣಲ್ಲ ಅಷ್ಟೆ" ಎಂದರು. ಎಲ್ಲರೂ ನಕ್ಕರು. ನನಗೆ ಇಲ್ಲ ಎನ್ನಲು ಸಂಕೋಚವಾಯಿತು.

ನಮ್ಮ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ನಾಲ್ಕು ಗೆರೆಯ ಪುಸ್ತಕದಲ್ಲಿ ಓರೆ ಅಕ್ಷರದ ಇಂಗ್ಲಿಷ್ ಕಾಪಿ ಬರೆಸುತ್ತಿದ್ದರು. ಅರ್ಥ ಒಂದೂ ತಿಳಿಯುತ್ತಿರಲಿಲ್ಲ, ಆದರೆ ಅಕ್ಷರ ತಪ್ಪಿದರೆ ಬೆರಳ ಗಂಟಿಗೆ ಏಟು. ಆ ವಿದ್ಯೆ ಇಷ್ಟು ವರ್ಷದ ಮೇಲೆ, ಇಷ್ಟು ದೂರದಲ್ಲಿ, ಕೆಲಸಕ್ಕೆ ಬಂತು. ಸರ್ಕಾರದ ಹಳೆಯ ಕಾಗದಗಳನ್ನು ಇಡುವ ಕಟ್ಟಡ ಅದು. ಮಬ್ಬು ಬೆಳಕಿನ ಕೋಣೆಯಲ್ಲಿ ಸಾಲಾಗಿ ಯಂತ್ರಗಳು. ಫಿಲ್ಮಿನ ಸುರುಳಿ ಹಾಕಿ ಹಿಡಿ ತಿರುಗಿಸಿದರೆ ಒಂದೊಂದೇ ಹಾಳೆ ಕಣ್ಣ ಮುಂದೆ ಬರುತ್ತದೆ. ಮನೆಮನೆಗೆ ಹೋಗಿ ಬರೆದುಕೊಂಡದ್ದನ್ನು ಎಪ್ಪತ್ತಕ್ಕೂ ಹೆಚ್ಚು ವರ್ಷ ಯಾರಿಗೂ ತೋರಿಸದೆ ಇಟ್ಟು, ಈಗ ಬೀಗ ತೆಗೆದಿದ್ದರು. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಹೇಳುವುದು, ಅವರು ತಲೆಯಾಡಿಸುವುದು.

ಮೂರನೆಯ ಸಲ ಹೋದಾಗ ಸಿಕ್ಕಿತು. ಅವರ ತಂದೆ, ತಾಯಿ, ಅಣ್ಣ, ಮೂರು ವರ್ಷದ ಅವರು. ತಾಯಿಯ ಸಾಲಿನಲ್ಲಿ ಎರಡು ಅಂಕಿ ಇದ್ದವು. ನಾಲ್ಕು, ಎರಡು. ನಾನು ಓದಿದೆ.

"ಫೋರ್? ನೋ, ನೋ. ಲುಕ್ ಅಗೇನ್, ಹನಿ."

ಮತ್ತೆ ನೋಡಿದೆ. ನಾಲ್ಕೇ. ಅಲ್ಲಿದ್ದ ಗುಮಾಸ್ತರನ್ನು ಕರೆದರು. ಅವರು ಮೇಲಿನ ತಲೆಬರಹ ತೋರಿಸಿ ನಿಧಾನವಾಗಿ ಹೇಳಿದ್ದು ನನಗೂ ತಿಳಿಯಿತು: ಹೆತ್ತ ಮಕ್ಕಳು ಎಷ್ಟು, ಬದುಕಿರುವವರು ಎಷ್ಟು. ಅಜ್ಜಿಗೆ ಅಣ್ಣನೊಬ್ಬನೇ ಗೊತ್ತು. ಉಳಿದ ಇಬ್ಬರ ಮಾತನ್ನು ಅವರ ತಾಯಿ ಎಂದೂ ಎತ್ತಿರಲಿಲ್ಲ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ನನ್ನ ಕೈ ಯಂತ್ರದ ಹಿಡಿಯ ಮೇಲೇ ನಿಂತಿತ್ತು.

ಜನಗಣತಿಯನ್ನು ನಮ್ಮ ಕಡೆ ಖಾನೇಸುಮಾರಿ ಎನ್ನುತ್ತಿದ್ದರು. ಒಂದು ಖಾನೇಸುಮಾರಿಯ ಹೊತ್ತಿಗೆ ನನಗೆ ಹದಿನೇಳು ವರ್ಷ. ನಿಮ್ಮ ಅಮ್ಮ ಇನ್ನೂ ಹುಟ್ಟಿರಲಿಲ್ಲ. ಗಂಡನ ಊರಿನ ಮೇಷ್ಟ್ರು ಬರೆದುಕೊಳ್ಳಲು ನಮ್ಮ ಜಗಲಿಗೆ ಬಂದರು. ಹಲ್ಲು ಬರುವ ಮೊದಲು ಕೂಸನ್ನು ಎಣಿಸಬಾರದು, ಎಣಿಸಿದರೆ ದೃಷ್ಟಿಯಾಗುತ್ತದೆ ಎಂದು ನನ್ನ ಅತ್ತೆಯ ನಂಬಿಕೆ.

"ಐದು ಜನ. ಅಷ್ಟೇ ಬರ್ಕೊಳ್ಳಿ."

"ಒಳಗೆ ಕೂಸು ಅತ್ತ ಹಾಗಾಯ್ತಲ್ಲಮ್ಮ?"

"ಅದು ಪಕ್ಕದ ಮನೇದು. ಕಿವಿಗೆ ಬಿದ್ದದ್ದನ್ನೂ ಎಣಿಸೋಕೆ ಬಂದಿದೀರಾ?"

ಮೇಷ್ಟ್ರು ನಕ್ಕರು. ಬಾಗಿಲ ಹಿಂದೆ ನಾನು ನನ್ನ ಮಗಳಿಗೆ ಮೊಲೆ ಕೊಟ್ಟು ಸುಮ್ಮನಾಗಿಸಿದೆ. ಒಂದು ಮಾತು ಆಡಲಿಲ್ಲ. ಮಳೆಗಾಲ ಹಿಡಿಯುವ ಮೊದಲು ಜ್ವರ ಬಂದು ಮಗು ಹೋಯಿತು. ನನಗಿಂತ ಜೋರಾಗಿ ಅತ್ತವರು ನನ್ನ ಅತ್ತೆಯೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಜಗತ್ತಿನ ಯಾವ ಕಾಗದದಲ್ಲೂ ಆ ಕೂಸು ಇಲ್ಲ, ಎಷ್ಟು ವರ್ಷ ಕಳೆದು ಯಾರು ಬೀಗ ತೆಗೆದರೂ ಸಿಗುವುದಿಲ್ಲ ಎಂದು ಆ ಕೋಣೆಯಲ್ಲಿ ಕೂತಾಗ ಮೊದಲ ಸಲ ಹೊಳೆಯಿತು.

ಅಲ್ಲಿಯವರೆಗೆ ಯಾರು ಕೇಳಿದರೂ ನನಗೆ ಒಬ್ಬಳೇ ಮಗಳು ಎನ್ನುತ್ತಿದ್ದೆ. ಆ ಅಜ್ಜಿಗೂ ಬೆರಳೆತ್ತಿ "ಒನ್" ಎಂದೇ ಹೇಳಿದ್ದೆ. ಆ ದಿನ ಎರಡು ಬೆರಳು ಎತ್ತಿದೆ.

"ಟೂ" ಎಂದೆ. ಒಂದು ಬೆರಳು ಮಡಿಸಿದೆ. "ಲಿವಿಂಗ್, ಒನ್."

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಹೆಸರೇನು ಎಂದು ಕೇಳಿದರು.

ಕೂಸಿಗೆ ನನ್ನ ಅತ್ತೆಯ ಅತ್ತೆಯ ಹೆಸರು ಇಟ್ಟಿದ್ದೆವು. ಸೊಸೆಯಾದವಳು ಆ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಅತ್ತೆ ಕರೆಯಲಿಲ್ಲ, ಆದ್ದರಿಂದ ನಾನೂ ಕರೆಯಲಿಲ್ಲ. ಇದ್ದ ಏಳು ತಿಂಗಳೂ ಬರೀ 'ಕೂಸೇ'. ಆ ಹೆಸರು ನನ್ನ ಬಾಯಿಂದ ಮೊದಲ ಸಲ ಹೊರಬಂದದ್ದು ನ್ಯೂಜೆರ್ಸಿಯ ಆ ಕೋಣೆಯಲ್ಲಿ. ಎರಡು ಸಲ ಹೇಳಬೇಕಾಯಿತು. ಅಜ್ಜಿ, ಹೆಸರೂ ಗೊತ್ತಿಲ್ಲದ ತಮ್ಮ ಆ ಇಬ್ಬರು ಒಡಹುಟ್ಟಿದವರಿಗಾಗಿ ಕೈಲಿದ್ದ ಟಿಪ್ಪಣಿ ಪುಸ್ತಕದಲ್ಲಿ ಎರಡು ಗೆರೆ ಎಳೆದರು. ಇನ್ನೊಂದು ಹಾಳೆಯಲ್ಲಿ ನನ್ನ ಮಗಳ ಹೆಸರನ್ನು ತಮಗೆ ಕೇಳಿಸಿದಂತೆ ದೊಡ್ಡ ಅಕ್ಷರದಲ್ಲಿ ಬರೆದು, ಹರಿದು ನನ್ನ ಕೈಗೆ ಕೊಟ್ಟರು.

ಮನೆಗೆ ಬಂದಾಗ ನಿಮ್ಮ ಅಮ್ಮ, "ಸಿಕ್ತೇನಮ್ಮ?" ಎಂದಳು. "ಹೂಂ, ಅವರದು ಸಿಕ್ತು" ಎಂದು ಅಡುಗೆಮನೆಗೆ ಹೋಗಿ ಅಕ್ಕಿ ತೊಳೆದೆ. ತನಗೊಬ್ಬ ಅಕ್ಕ ಇದ್ದಳು ಎಂದು ಅವಳಿಗೆ ಇನ್ನೂ ಹೇಳಿಲ್ಲ. ಎದುರು ಕೂತು ಹೇಳುವ ಧೈರ್ಯ ನನಗೆ ಬಂದೇ ಇಲ್ಲ. ಆ ಹಾಳೆ ನನ್ನ ಪೆಟ್ಟಿಗೆಯಲ್ಲಿ, ಬಿಳಿ ಸೀರೆಯ ಮಡಿಕೆಯಲ್ಲಿದೆ. ನಿಮಗಂತೂ ಕನ್ನಡ ಓದಲು ಬರುವುದಿಲ್ಲ. ನಾನು ಬರೆದ ಈ ಕಾಗದವನ್ನು ನಿಮಗೆ ಓದಿ ಹೇಳಬೇಕಾದವಳು ನಿಮ್ಮ ಅಮ್ಮನೇ.