ಟ್ಯಾಂಕಿನ ಬಾಯಿಗೆ ಕಟ್ಟಿದ ರಬ್ಬರು

ಮದುವೆಯಾದ ಮೇಲೆ ಹನ್ನೆರಡು ವರ್ಷ ಹೊರ್ತಿಯ ಚಂದವ್ವನ ನೆತ್ತಿಯ ಮೇಲೆ ಕೂದಲು ಸರಿಯಾಗಿ ಬೆಳೆಯಲಿಲ್ಲ. ತೋಟದ ಮನೆಯಿಂದ ಡಾಂಬರು ರಸ್ತೆಗೆ ಮೂರು ಮೈಲಿ ಎರೆಮಣ್ಣಿನ ದಾರಿ. ಮಳೆಗಾಲದಲ್ಲಿ ಲಿಂಬೆಹಣ್ಣಿನ ಬುಟ್ಟಿ ತಲೆಯ ಮೇಲೆ ಹೊತ್ತು ಆ ಕೆಸರು ತುಳಿಯುವುದು ಹೆಂಗಸರ ಪಾಲು. ರಸ್ತೆಯಲ್ಲಿ ನಿಂತು ಇಂಡಿಗೆ ಹೋಗುವ ಗಾಡಿಗಳಿಗೆ ಕೈ ಮಾಡುವುದು ಗಂಡಸರ ಪಾಲು.

ತೊಂಬತ್ನಾಲ್ಕರಲ್ಲಿ ಗಂಡ ಸೋಮನಿಂಗ ಹಳೆಯ ಫೋರ್‌ವ್ಹೀಲ್ ಜೀಪು ತಂದಾಗ ಊರು ನಕ್ಕಿತು, ಚಂದವ್ವ ನಗಲಿಲ್ಲ. ಸಣ್ಣ ಗೇರು ಎಳೆದರೆ ನಾಲ್ಕೂ ಗಾಲಿ ಕೆಸರನ್ನು ಕಚ್ಚಿ ಹಿಡಿದು ಹತ್ತು ಚೀಲ ಹೊರುತ್ತಿದ್ದವು. ಅವಳು ತಲೆಯ ಸಿಂಬೆಯನ್ನು ಒಲೆಗೆ ಹಾಕಿದಳು.

ಐದನೆಯ ಮಳೆಗಾಲಕ್ಕೆ ಜೀಪು ಹಟ ಹಿಡಿಯಿತು. ಮನೆಯಿಂದ ಚೆನ್ನಾಗಿಯೇ ಹೊರಡುತ್ತಿತ್ತು, ನಾಲ್ಕೈದು ಮೈಲಿಗೆ ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಝಳಕಿಯ ಮಿಸ್ತ್ರಿ ಚನ್ನಬಸಯ್ಯ ಫಿಲ್ಟರು ಬದಲಿಸಿದ, ಡೀಸೆಲ್ ಪೈಪಿನ ಗಾಳಿ ತೆಗೆದ, ಪಂಪು ಬಿಚ್ಚಿ ಜೋಡಿಸಿದ. ಅವನ ಅಂಗಡಿಯಲ್ಲಿ ಟ್ಯಾಂಕು ತೆರೆದಿಟ್ಟು ಓಡಿಸಿದಾಗ ಎಂದೂ ನಿಲ್ಲಲಿಲ್ಲ. ದಾರಿಗೆ ಬಂದರೆ ಮತ್ತೆ ಅದೇ ಕತೆ.

"ಇಂಜಿನ್ ಮುದುಕಾಗೈತ್ರಿ. ಮಾರಿಬಿಡ್ರಿ," ಅಂದ ಮಿಸ್ತ್ರಿ.

ಸೋಮನಿಂಗ ದೇವರ ಹಿಪ್ಪರಗಿಯ ಗುಜರಿ ಸಾವುಕಾರನಿಗೆ ಹೇಳಿ ಕಳಿಸಿದ.

"ಲಿಂಬಿ ಹ್ಯಾಂಗ ಒಯ್ಯೂದ್ರಿ?" ಚಂದವ್ವ ಕೇಳಿದಳು.

"ಮೊದಲ ಹ್ಯಾಂಗ ಒಯ್ತಿದ್ದಿ?"

ಅಷ್ಟು ಸಲೀಸಾಗಿ ಅಂದ. ಅವಳ ಕೈ ತಾನಾಗಿಯೇ ನೆತ್ತಿಗೆ ಹೋಯಿತು.

ಮರುದಿನ ಇಂಡಿಯ ದಾರಿಯಲ್ಲಿ ಜೀಪು ಮತ್ತೆ ನಿಂತಿತು. ಸೋಮನಿಂಗ ಎಂದಿನಂತೆ ಇಳಿದ, ಟ್ಯಾಂಕಿನ ಬಾಯಿ ಬಿಚ್ಚಿದ, ಕಡ್ಡಿ ಅದ್ದಿ ಡೀಸೆಲ್ ನೋಡಿದ, ಮತ್ತೆ ಕಟ್ಟಿ ಬೀಡಿ ಹಚ್ಚಿದ. ಬೀಡಿ ಮುಗಿದ ಮೇಲೆ ಜೀಪು ಚಾಲೂ ಆಗುತ್ತದೆ, ದಣಿವು ಆರಿತು ಎಂದು ಅವನ ಲೆಕ್ಕ. ಚೀಲಗಳ ಮೇಲೆ ಕುಳಿತಿದ್ದ ಚಂದವ್ವ ಬೇರೆಯೇ ಸದ್ದು ಕೇಳಿದ್ದಳು. ಬಾಯಿ ಬಿಚ್ಚಿದ ಕ್ಷಣ ಟ್ಯಾಂಕು ಸುಂಯ್ ಎಂದು ಗಾಳಿ ಎಳೆದುಕೊಂಡಿತ್ತು.

ಈ ಮಳೆಗಾಲಕ್ಕೆ ತುಸು ಮುಂಚೆ ಟ್ಯಾಂಕಿನ ಮುಚ್ಚಳ ಎಲ್ಲೋ ಬಿದ್ದುಹೋದಾಗ ಸೋಮನಿಂಗ ಟ್ರ್ಯಾಕ್ಟರ್ ಟ್ಯೂಬಿನ ರಬ್ಬರು ಕತ್ತರಿಸಿ ತಂತಿಯಿಂದ ಬಿಗಿದಿದ್ದ. ಇರುವೆಯಲ್ಲ, ಧೂಳೂ ಹೋಗುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಗಳಗಳ ಅಂದು ನಿಂತುಬಿಡುತ್ತದೆ, ಗಾಳಿಗೆ ಇನ್ನೊಂದು ತೂತು ಬೇಕು. ತಿಂಗಳಿಗೊಮ್ಮೆ ಹೊಸ ಡಬ್ಬಿ ಒಡೆಯಲು ಮೊಳೆ ಹಿಡಿದು ಕೂರುವವಳಿಗೆ ಇದು ಗೊತ್ತಿತ್ತು.

"ಆ ರಬ್ಬರಿಗೆ ತೂತು ಹಾಕ್ರಿ."

"ಮಿಸ್ತ್ರಿಗೆ ತಿಳಿಲಾರದ್ದು ನಿನಗ ತಿಳೀತು?"

"ಮಿಸ್ತ್ರಿ ಮನ್ಯಾಗ ಎಣ್ಣಿ ಡಬ್ಬಿ ಒಡ್ಯಾಕಿ ಅವನ ಹೇಣ್ತಿ. ಆಕೀನ್ನ ಕರಕೊಂಡು ಬರಬೇಕಿತ್ತು ನೀವು."

ಅವನ ಒಪ್ಪಿಗೆಗೆ ಅವಳು ಕಾಯಲಿಲ್ಲ. ಚೀಲ ಹೊಲಿಯುವ ದಬ್ಬಣದಿಂದ ನಾಲ್ಕು ತೂತು ಹೊಡೆದು, ಧೂಳು ಬೀಳದಂತೆ ತೆಳ್ಳನೆಯ ಅರಿವೆ ಕಟ್ಟಿದಳು. ಜೀಪು ಇಂಡಿಯ ಮಾರ್ಕೆಟ್ಟಿಗೆ ಹೋಗಿ ಲಿಂಬೆ ಇಳಿಸಿ ಮನೆಗೆ ಬಂತು. ಎಲ್ಲಿಯೂ ಬಿಕ್ಕಳಿಸಲಿಲ್ಲ.

ಅಂಗಳದಲ್ಲಿ ಗುಜರಿ ಸಾವುಕಾರ ಕುಳಿತಿದ್ದ, ಯಾರದೋ ಟ್ರ್ಯಾಕ್ಟರು ಅವನನ್ನು ಇಳಿಸಿ ಹೋಗಿತ್ತು. ಇಂಜಿನ್ನಿನ ಸದ್ದಿಗೆ ಅವನ ಕಿವಿ ನಿಮಿರಿತು. "ಅಲ್ಲೋ ಸೋಮನಿಂಗ, ಕೆಟ್ಟೈತಿ ಅಂದಿದ್ದಿ?"

"ರಬ್ಬರಿಂದು ಖೋಡಿ ಇತ್ರಿ. ನಾನಽ ಹುಡುಕಿ ತಗದೆ."

ಚಂದವ್ವ ಗಂಡನ ಮುಖ ನೋಡಿದಳು. ಅವನು ನೋಡಲಿಲ್ಲ.

"ಓಡೂ ಗಾಡಿ ಅಂದ್ರ ರೇಟ ಬ್ಯಾರೆ. ಜಾಸ್ತಿ ಕೊಡ್ತೇನಿ, ತಗೋ," ಅಂದ ಸಾವುಕಾರ. ಸೋಮನಿಂಗನ ಮುಖ ಅರಳಿತು.

ಚಂದವ್ವ ಮರುದಿನಕ್ಕೆಂದು ತುಂಬಿಟ್ಟಿದ್ದ ಚೀಲಗಳನ್ನು ಒಂದೊಂದಾಗಿ ಎತ್ತಿ ಜೀಪಿಗೆ ಹಾಕಿದಳು. ಕೊನೆಯ ಚೀಲದ ಮೇಲೆ ತಾನೇ ಹತ್ತಿ ಕುಳಿತಳು.

"ಇಳಿ. ಸಾವುಕಾರ್ರು ಗಾಡಿ ನೋಡಬೇಕು."

"ನೋಡ್ಲಿ. ನಾ ಇಳಿಯೂದಿಲ್ಲ."

"ಹುಚ್ಚ ಹಿಡದೈತೇನು ನಿನಗ?"

"ಮಾರೂದಿದ್ರ ಮಾರ್ರಿ. ಮೊದಲ ಒಂದು ಬುಟ್ಟಿ ಲಿಂಬಿ ತಲಿಮ್ಯಾಲ ಇಟ್ಕೊಂಡು ರಸ್ತಾದ ತನಕ ಹೋಗಿ ಬರ್ರಿ. ಆಮ್ಯಾಲ ಇಳಿತೇನಿ."

ಸೋಮನಿಂಗ ಕೆಸರಿನ ದಾರಿಯತ್ತ ನೋಡಿ ಬೀಡಿ ಹಚ್ಚಿದ. ಸಾವುಕಾರ ಸ್ವಲ್ಪ ಹೊತ್ತು ಕಾದ. ವ್ಯಾಪಾರ ಕುದುರುವಂತೆ ಕಾಣದೆ ಚಪ್ಪಲಿ ಮೆಟ್ಟಿ ಅಂಗಳದ ಅಂಚಿಗೆ ಹೋದವನು ಅಲ್ಲೇ ನಿಂತ.

"ಈ ರಾಡ್ಯಾಗ ಹ್ಯಾಂಗ ನಡೀಲೋ? ರಸ್ತಾದ ತನಕ ಬಿಟ್ಟು ಬಾ."

ಚಂದವ್ವ ಚೀಲದ ಮೇಲೆ ಒಂದಿಷ್ಟು ಸರಿದಳು.

"ಹತ್ರಿ ಸಾವುಕಾರ್ರ. ನಮ್ಮ ಗಾಡಿ ಐತಿ, ಬಿಡ್ತೇವಿ."