ಕರೆದೇ ಕರೆಯುತ್ತಾರೆಂದು ಬಿಟ್ಟ ಸೀಟು

ನನ್ನ ಮಗಳು ಡಾಕ್ಟರ್ ಆಗದೇ ಹೋದದ್ದು ಅವಳ ಅಂಕಗಳಿಂದಲ್ಲ — ನನ್ನ ಚೌಕಾಸಿಯಿಂದ. ಬೆಲೆ ಎಷ್ಟು ಬಿತ್ತೆಂದು ಮೊದಲೇ ಹೇಳಿಬಿಡುತ್ತೇನೆ, ಅಂಗಡಿಯವನ ಅಭ್ಯಾಸ: ಒಂದು ಮೆಡಿಕಲ್ ಸೀಟು, ಮತ್ತು ತನ್ನ ಮೇಲೆ ಅವಳಿಗಿದ್ದ ನಂಬಿಕೆ. ತೆತ್ತವಳು ಅವಳು. ಏಕೆ ಬಿತ್ತೆಂದರೆ, ಮೊದಲು ಹೇಳಿದ ಬೆಲೆಗೆ ಏನನ್ನೂ ಕೊಳ್ಳಬಾರದೆಂದು ನಾನು ಕಲಿತಿದ್ದೆ. ಅಷ್ಟೇ ಕಾರಣ. ಬೇರೆ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಕುಂದಾಪುರದಿಂದ ಸ್ವೀಡನ್ನಿನ ಉಪ್ಸಾಲಾಕ್ಕೆ ಬಂದ ಹೊಸತರಲ್ಲಿ ನಾನು ಹೋಟೆಲಿನಲ್ಲಿ ಪಾತ್ರೆ ತೊಳೆದವನು. ಆಮೇಲೆ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಅಕ್ಕಿ, ಬೇಳೆ, ತೆಂಗಿನಕಾಯಿಯ ಅಂಗಡಿ ಇಟ್ಟೆ. ಸ್ವೀಡನ್ನಿನವರು ಚೌಕಾಸಿ ಮಾಡುವುದಿಲ್ಲ; ಅಂಟಿಸಿದ ಬೆಲೆಯೇ ಅವರಿಗೆ ವೇದವಾಕ್ಯ. ಅಂಥ ಊರಿನಲ್ಲಿ ನಾನು ಅಂಗಡಿಯ ಬಾಡಿಗೆ ಇಳಿಸಿದೆ, ಸಗಟು ವ್ಯಾಪಾರಿಯ ದರ ಇಳಿಸಿದೆ. ನನ್ನ ವಿದ್ಯೆ ಒಂದೇ — "ಹಾಗಾದರೆ ಬೇಡ ಬಿಡಿ" ಎಂದು ಬಾಗಿಲ ತನಕ ನಡೆಯುವುದು. ಹೊರಟವನನ್ನು ಕರೆದೇ ಕರೆಯುತ್ತಾರೆ. ಕರೆದಿದ್ದರು ಕೂಡ, ಪ್ರತಿ ಸಲವೂ.

ನಿಖಿತಾ ನಮ್ಮ ಒಬ್ಬಳೇ ಮಗಳು. ಓದಿನಲ್ಲಿ ಮಧ್ಯಮ. ಹೆಚ್ಚೂ ಅಲ್ಲದ, ಕಡಿಮೆಯೂ ಅಲ್ಲದ್ದಕ್ಕೆ ಸ್ವೀಡಿಷಿನಲ್ಲಿ 'ಲಾಗೋಮ್' ಎನ್ನುತ್ತಾರೆ; ಅವಳ ಟೀಚರು ಅದನ್ನು ಮೆಚ್ಚುಗೆಯಾಗಿ ಹೇಳಿದರೆ ನನಗೆ ದೂರಿನ ಹಾಗೆ ಕೇಳುತ್ತಿತ್ತು. ಡಾಕ್ಟರ್ ಆಗುವ ಆಸೆ ಮಾತ್ರ ಅವಳದೇ, ನಾನು ತುಂಬಿದ್ದಲ್ಲ. ಇಲ್ಲಿನ ಮೆಡಿಕಲ್ಲಿಗೆ ಅವಳ ಅಂಕ ಸಾಲಲಿಲ್ಲ. ಆಗ ಅಮೆರಿಕದಲ್ಲಿದ್ದ ನನ್ನ ತಂಗಿ ಆಸ್ಟಿಯೋಪಥಿಕ್ ಮೆಡಿಕಲ್ ಕಾಲೇಜುಗಳ ವಿಷಯ ಹೇಳಿದಳು. ಅಲ್ಲಿ ಓದಿದವರು ಉಳಿದ ಡಾಕ್ಟರುಗಳಂತೆಯೇ ಪೂರ್ಣ ಡಾಕ್ಟರುಗಳು. ಜೊತೆಗೆ ಮೂಳೆ, ಸ್ನಾಯುಗಳನ್ನು ಕೈಯಿಂದಲೇ ತಿಳಿದು ಉಪಚರಿಸುವುದನ್ನು ಕಲಿಯುತ್ತಾರೆ. ಅಂಕದ ಜೊತೆ ಮನುಷ್ಯರನ್ನೂ ನೋಡುತ್ತಾರಂತೆ. ನಿಖಿತಾ ಉಪ್ಸಾಲಾದಲ್ಲಿ ಡಿಗ್ರಿ ಮುಗಿಸಿ, ಅತ್ತೆಯ ಮನೆಯಲ್ಲಿದ್ದು ಒಂದು ವರ್ಷ ಅಲ್ಲಿಯ ಪಾಠಗಳನ್ನು ಓದಿ, ಪ್ರವೇಶ ಪರೀಕ್ಷೆ ಬರೆದಳು. ಅಂಕ ಮಧ್ಯಮ. ಅರ್ಜಿ ಹಾಕಿದ ಕಡೆಯೆಲ್ಲ ಇಲ್ಲವೆಂದರು.

ಸಾಕು ಎಂದಳು. ಬಿಡಲಿಲ್ಲ ನಾನು.

"ಒಂದ್ಸಲ ಬೇಡ ಅಂದವರಿಗೆ ಎರಡನೇ ಸಲ ಬೇಡ ಅನ್ನೋಕೆ ಹೊಸ ಕಾರಣ ಬೇಕಾಗ್ತದೆ ಮಗಾ. ನಾವದನ್ನ ಕೊಡಬಾರ್ದು."

ಈ ಮಾತನ್ನು ಇವತ್ತೂ ಹಿಂತೆಗೆದುಕೊಳ್ಳುವುದಿಲ್ಲ. ಹಳೆಯ ಅರ್ಜಿಗೆ ತಾರೀಕು ಬದಲಿಸಿ ಕಳಿಸುವವರು ಮೂರ್ಖರು. ಏನು ಬದಲಾಗಿದೆ ಎಂದು ತೋರಿಸಬೇಕು. ನಿಖಿತಾ ಪರೀಕ್ಷೆಯನ್ನು ಮತ್ತೆ ಬರೆದಳು — ಅಂಕ ಏರಿದ್ದು ಸ್ವಲ್ಪವೇ, ಆದರೂ ಏರಿತು. ತಂಗಿಯ ಊರಿನ ಆಸ್ಟಿಯೋಪಥಿಕ್ ಡಾಕ್ಟರೊಬ್ಬರ ಜೊತೆ ನಿಂತು ಕೆಲಸ ನೋಡಿದಳು, ಅವರಿಂದ ಶಿಫಾರಸು ಪಡೆದಳು. ಉಪ್ಸಾಲಾಕ್ಕೆ ಮರಳಿ ವೃದ್ಧರ ಆರೈಕೆ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಅರ್ಜಿ ತೆರೆದ ಮೊದಲ ವಾರದಲ್ಲೇ ಕಳಿಸಿದಳು. ಒಂದು ಕಾಲೇಜು ಸಂದರ್ಶನಕ್ಕೆ ಕರೆಯಿತು. ಆಮೇಲೆ — ಕಾಯುವವರ ಪಟ್ಟಿ. ಯಾರಾದರೂ ಸೀಟು ಬಿಟ್ಟರೆ ಕರೆಯುತ್ತೇವೆ ಎಂದರು.

ಆ ಬೇಸಿಗೆ ನಮ್ಮ ಮನೆಯಲ್ಲಿ ಯಾರೂ ಫೋನಿನಲ್ಲಿ ಹೆಚ್ಚು ಹೊತ್ತು ಮಾತಾಡಲಿಲ್ಲ.

ಅದೊಂದು ಶುಕ್ರವಾರ. ಮಧ್ಯಾಹ್ನ ಮೂರರ ಹೊತ್ತಿಗೆ ನಾನು ತಡವಾಗಿ ಊಟಕ್ಕೆ ಮನೆಗೆ ಬಂದಿದ್ದೆ. ಹೆಂಡತಿ ಶಾರದಾ ದಾಗಿಸ್‌ನಲ್ಲಿ, ಅದೇ, ಅವಳು ಮಕ್ಕಳನ್ನು ನೋಡಿಕೊಳ್ಳುವ ಶಿಶುವಿಹಾರದಲ್ಲಿ. ನಿಖಿತಾ ಕೆಲಸದಲ್ಲಿ, ಅಲ್ಲಿ ಮೊಬೈಲನ್ನು ಬೀರುವಿನಲ್ಲಿಟ್ಟು ಒಳಗೆ ಹೋಗಬೇಕು. ಅರ್ಜಿಯಲ್ಲಿ ಅವಳು ಕೊಟ್ಟಿದ್ದು ಮನೆಯ ನಂಬರು; ಆ ಫೋನು ಹೊಡೆಯಿತು. ಅಮೆರಿಕದ ಹೆಂಗಸಿನ ದನಿ. ಮಗಳ ಪೂರ್ತಿ ಹೆಸರು ಹೇಳಿ, ಸೀಟು ಖಾಲಿಯಾಗಿದೆ, ಅವಳ ಸರದಿ ಬಂದಿದೆ ಎಂದಳು.

ಇಷ್ಟು ದಿನ ಕಾದ ಕರೆ ಅದೇ. ಆದರೆ ಬಾಯಿ — ಬಾಯಿ ಅಂಗಡಿಯದಾಗಿಬಿಟ್ಟಿತು. ಯಾರು ಮೊದಲು ಫೋನ್ ಮಾಡುತ್ತಾರೋ ಅವರಿಗೇ ಅವಸರ. ಅವರಿಗೆ ಸೀಟು ತುಂಬಬೇಕಾಗಿದೆ ಎಂದುಕೊಂಡೆ. ಫೀಸಿನಲ್ಲಿ ಏನು ಬಿಡುತ್ತೀರಿ ಎಂದು ಕೇಳಿದೆ.

"ಸರ್, ಈ ಸೀಟಿಗೆ ಅಂಥದ್ದು ಯಾವುದೂ ಇಲ್ಲ. ನಿಖಿತಾ ಜೊತೆ ಮಾತಾಡಬಹುದಾ?"

"ಅವಳಿಗೆ ಬೇರೆ ಕಡೆಯಿಂದಲೂ ಕರೆ ಬಂದಿದೆ" ಎಂದೆ. ಬಂದಿರಲಿಲ್ಲ.

ಆಕೆ ಗಡುವು ಹೇಳಿದಳು. "ಇವತ್ತು ನಮ್ಮ ಆಫೀಸು ಮಧ್ಯಾಹ್ನ ಹನ್ನೆರಡಕ್ಕೇ ಮುಚ್ಚುತ್ತದೆ, ನಿಮ್ಮಲ್ಲಿ ಸಂಜೆ ಆರು. ಅಷ್ಟರೊಳಗೆ ಅವಳೇ ಫೋನ್ ಮಾಡಲಿ. ಇಲ್ಲದಿದ್ದರೆ ಮುಂದಿನವರನ್ನು ಕರೆಯಬೇಕಾಗುತ್ತದೆ."

"ಏನಾದರೂ ಬಿಟ್ಟರೆ ಮಾಡುತ್ತಾಳೆ. ಇಲ್ಲದಿದ್ದರೆ ಬೇಡ ಬಿಡಿ" ಎಂದು ಫೋನಿಟ್ಟೆ.

ಬಾಗಿಲ ತನಕ ನಡೆದಾಗಿತ್ತು. ಇನ್ನು ಕರೆಯಬೇಕಾದವರು ಅವರು.

ನಿಖಿತಾ ಬೇಗನೇ ಬಂದಳು. ಆರಕ್ಕೆ ಇನ್ನೂ ಸಾಕಷ್ಟು ಹೊತ್ತಿತ್ತು — ಇದನ್ನು ಗಮನಿಸಿ, ನಾನು ಮರೆಮಾಚಲಾರೆ. ಶಾರದಾ ಹಿಂದೆಯೇ ಬಂದು ಅನ್ನ, ಸಾರು ಬಿಸಿ ಮಾಡಿದಳು. ನಾನು ಫೋನನ್ನು ಮೇಜಿನ ಮೇಲೆ, ತಟ್ಟೆಯ ಪಕ್ಕ ಇಟ್ಟುಕೊಂಡಿದ್ದೆ.

"ಎಂತ ಮಾರಾಯ್ರೆ," ಶಾರದಾ ನಕ್ಕಳು, "ಫೋನಿಗೆ ನೈವೇದ್ಯ ಮಾಡ್ಲಿಕ್ಕೆ ಕೂತ ಹಾಗೆ ಕೂತಿದ್ದೀರಿ? ಒಂದು ಹೂ ಇಡ್ಲಾ?"

ನಿಖಿತಾ ನಗಲಿಲ್ಲ. "ಅಪ್ಪ, ಯಾರಾದ್ರೂ ಫೋನ್ ಮಾಡಿದ್ರಾ?"

"ಇಲ್ಲ."

ಆ ಒಂದು ಪದ. ಅವಳು ತಲೆಯಾಡಿಸಿ ಅನ್ನ ಕಲಸತೊಡಗಿದಳು. ಕೈಯಿಂದ ಆರೈಕೆ ಮನೆಯ ಸೋಪಿನ ವಾಸನೆ ಬರುತ್ತಿತ್ತು. ಹೇಳಿದರೆ ಅವಳು ಕೂಡಲೇ ಹೂಂ ಎಂದುಬಿಡುತ್ತಾಳೆ, ಚೌಕಾಸಿ ಕೆಡುತ್ತದೆ, ಕಡಿಮೆ ಮಾಡಿಸಿ ಕೈಗೆ ಕೊಟ್ಟರೆ ಎಷ್ಟು ಖುಷಿಪಟ್ಟಾಳು — ಹೀಗೆಲ್ಲ ಲೆಕ್ಕ ಹಾಕುತ್ತಿದ್ದೆ.

ಫೋನು ಹೊಡೆಯಿತು. ಅವಳಿಗಿಂತ ಮೊದಲು ಎತ್ತಿಕೊಂಡೆ.

ಸ್ಟಾಕ್‌ಹೋಮಿನ ಸಗಟು ವ್ಯಾಪಾರಿ. ಹಿಂದಿನ ದಿನ ಅವನ ತೆಂಗಿನಕಾಯಿಯ ದರಕ್ಕೆ ಬೇಡ ಬಿಡು ಎಂದು ಬಂದಿದ್ದೆ. "ಆಯಿತು ಮಹರಾಯ, ನೀನು ಹೇಳಿದ ರೇಟಿಗೇ ತಗೋ" ಎಂದ.

ನೋಡಿದಿರಾ, ವಿದ್ಯೆ ಸುಳ್ಳಲ್ಲ ಎಂದುಕೊಂಡೆ. ಧೈರ್ಯ ಬಂತು. ಆ ಧೈರ್ಯದಲ್ಲೇ ಆರು ದಾಟಿಸಿದೆ. ಜೂನ್ ಸಂಜೆಯ ಬಿಸಿಲು ಅಡುಗೆಮನೆಯಿಂದ ಕದಲಲೇ ಇಲ್ಲ, ಫೋನೂ ಮತ್ತೆ ಹೊಡೆಯಲಿಲ್ಲ.

ಸೋಮವಾರ ಅಂಗಡಿಯಿಂದ ನಾನೇ ಕರೆ ಮಾಡಿದೆ. ಅದೇ ಹೆಂಗಸು. ಸೀಟು ಶುಕ್ರವಾರವೇ ಮುಂದಿನವರಿಗೆ ಹೋಯಿತು ಎಂದಳು. ಮಗಳಿಗೆ ಒಳ್ಳೆಯದಾಗಲಿ ಎಂದೂ ಹೇಳಿದಳು, ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಬೈಸಿಕೊಂಡಾದರೂ ಹಗುರಾಗುತ್ತಿದ್ದೆನೋ ಏನೋ.

ಮನೆಯಲ್ಲಿ ಹೇಳಲಿಲ್ಲ. ಆಗಸ್ಟಿನಲ್ಲಿ, ಈ ವರ್ಷದ ಸೀಟುಗಳೆಲ್ಲ ಭರ್ತಿಯಾದವು ಎಂದು ಕಾಲೇಜಿನವರು ನಿಖಿತಾಗೆ ತಿಳಿಸಿದರು. ಮೂರನೇ ಸಲ ಹಾಕು ಎಂದೆ — ಹೌದು, ಅಷ್ಟು ನಾಚಿಕೆಗೆಟ್ಟಿದ್ದೆ.

"ಬೇಡ ಅಪ್ಪ. ಎರಡು ಸಲ ಇಲ್ಲ ಅಂದ್ರಲ್ಲ ಅವ್ರು. ನಾನು ಲಾಗೋಮ್. ಅಷ್ಟೇ."

ಅವಳು ದಕ್ಷಿಣದ ಲುಂಡ್‌ಗೆ ಹೋಗಿ ಫಿಸಿಯೋಥೆರಪಿ ಓದಿದಳು, ಅಲ್ಲಿಯೇ ಕೆಲಸ ಹಿಡಿದಳು. ಒಳ್ಳೆಯ ಕೆಲಸ, ಕೈಗುಣ ಚೆನ್ನಾಗಿದೆಯೆಂದು ಹೇಳುತ್ತಾರೆ. ಎಲ್ಲ ಒಳ್ಳೆಯದಕ್ಕೇ ಆಯಿತು ಎಂದು ವರ್ಷಗಟ್ಟಲೆ ನನಗೆ ನಾನೇ ಮಾರಿಕೊಂಡೆ. ಕೊಂಡವನೂ ನಾನೇ ಆದ್ದರಿಂದ ಯಾರೂ ಬೆಲೆ ಕೇಳಲಿಲ್ಲ.

ಹೋದ ದೀಪಾವಳಿಗೆ ಯೋನ್‌ಶೋಪಿಂಗ್‌ನಲ್ಲಿ ಕನ್ನಡದವರೆಲ್ಲ ಸೇರಿದ್ದೆವು. ಗೆಳೆಯನ ಮಗಳು ಶ್ರುತಿಗೆ ಮೆಡಿಕಲ್ ಸಿಕ್ಕಿರಲಿಲ್ಲ, ಮತ್ತೆ ಅರ್ಜಿ ಹಾಕಲೇ ಎಂದು ಕೇಳಿದಳು. ಸಲಹೆ ಕೊಡುವುದೆಂದರೆ ನನಗೆ ಪಾಯಸ, ಶುರು ಮಾಡಿಯೇಬಿಟ್ಟೆ. ನಿಖಿತಾ ನಡುವೆ ಬಂದಳು. "ಸುಮ್ನೆ ವರ್ಷ ವೇಸ್ಟ್ ಮಾಡ್ಬೇಡ ಶ್ರುತಿ. ನಾನೂ ಎರಡನೇ ಸಲ ಹಾಕಿದ್ದೆ. ಯಾರು ಆಗ್ತಾರೆ, ಯಾರು ಆಗಲ್ಲ ಅಂತ ಅವರಿಗೆ ಗೊತ್ತಿರತ್ತೆ."

ಆ ಹುಡುಗಿಯ ಮುಖ ಬಾಡಿತು. ನನ್ನ ಸುಳ್ಳು ನಮ್ಮ ಮನೆ ದಾಟಿ ಇನ್ನೊಬ್ಬರ ಮನೆಗೂ ಕಾಲಿಟ್ಟಿತ್ತು.

ಮರುವಾರ ಶಾರದಾಗೆ ಹೇಳಿದೆ. ಅವಳು ಒಲೆ ಆರಿಸಿ, "ಮೊದಲು ಅವಳಿಗೆ ಹೇಳಿ ಬನ್ನಿ" ಎಂದಳು. ರೈಲು ಹತ್ತಿ ಲುಂಡ್‌ಗೆ ಹೋದೆ. ನಿಖಿತಾ ಅಂಗಳದಲ್ಲಿ ಸೈಕಲ್ಲಿಗೆ ಗಾಳಿ ಹಾಕುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಅವಳು ಪಂಪಿನ ಹಿಡಿಯನ್ನು ಬಿಡಲಿಲ್ಲ, ಒತ್ತಲೂ ಇಲ್ಲ.

"ಅವ್ರು ನನ್ನ ಹೆಸರು ಹೇಳಿದ್ರಾ?"

"ಹೇಳಿದ್ರು ಮಗಾ. ಪೂರ್ತಿ ಹೆಸರು."

ಪಂಪನ್ನು ಕಳಚಿ ಗೋಡೆಗೆ ಒರಗಿಸಿದಳು. ಏನಾದರೂ ಕೊಟ್ಟು ಸರಿಮಾಡಬೇಕೆಂದು ನಾಲಿಗೆ ತುದಿಗೆ ಬಂತು — ನುಂಗಿದೆ.

"ಶ್ರುತಿ ನಂಬರ್ ಕೊಡು" ಎಂದಳು. ಕೊಟ್ಟೆ. "ನೀನೀಗ ಹೋಗು ಅಪ್ಪ. ನಂಗೆ ಮಾತಾಡ್ಬೇಕು ಅನ್ಸಿದಾಗ ನಾನೇ ಫೋನ್ ಮಾಡ್ತೀನಿ."

ಶ್ರುತಿ ಮತ್ತೆ ಅರ್ಜಿ ಹಾಕುತ್ತಿದ್ದಾಳಂತೆ, ಅವಳ ತಂದೆ ಹೇಳಿದರು. ನನಗೆ ಇನ್ನೂ ಫೋನು ಬಂದಿಲ್ಲ. ಈ ಸಲ ಯಾವ ವಿದ್ಯೆಯೂ ಇಲ್ಲದೆ ಕಾಯುತ್ತಿದ್ದೇನೆ.

ಮತ್ತೆ ಅರ್ಜಿ ಹಾಕುವ ಮಕ್ಕಳಿಗೆ ಹೇಳುವುದಿಷ್ಟು: ಮಧ್ಯಮ ಅಂಕವೆಂದು ಹೆದರಬೇಡಿ, ಹೋದ ಸಲಕ್ಕಿಂತ ಏನು ಬದಲಾಗಿದೆ ಎಂಬುದನ್ನು ಮುಂದಿಡಿ, ಬೇಗ ಕಳಿಸಿ, ನೀವೇ ಎತ್ತುವ ಫೋನಿನ ನಂಬರನ್ನೇ ಕೊಡಿ. ಅಪ್ಪಂದಿರೇ, ಅಂಗಡಿ ಬಾಡಿಗೆಗೆ ಎಷ್ಟು ಬೇಕಾದರೂ ಚೌಕಾಸಿ ಮಾಡಿ, ಬೇಕಿದ್ದರೆ ಬಂದು ನನ್ನನ್ನು ಕೇಳಿ. ಆದರೆ ಮಕ್ಕಳಿಗೆ ಬಂದ ಕರೆಯನ್ನು ನೀವು ಎತ್ತಿದರೆ, ಹೆಸರು ಕೇಳಿಕೊಂಡು ಅವರಿಗೆ ಮುಟ್ಟಿಸಿ. ಅವರು ಕೆಲಸದಲ್ಲಿದ್ದರೆ ಅಲ್ಲಿಗೇ ಹೋಗಿ. ಎದುರಿಗೇ ಕೂತು ಅನ್ನ ಕಲಸುತ್ತಿದ್ದರೆ ಇನ್ನೂ ಸುಲಭ — ಫೋನನ್ನು ಮೇಜಿನ ಆ ಬದಿಗೆ ಸರಿಸಿದರೆ ಸಾಕು.